ವಿದ್ಯುನ್ಮಾನ ಮಾಹಿತಿಯ ಮಾರುಕಟ್ಟೆ: ಸ್ಪರ್ಧೆಯನ್ನು ಕುರಿತ ಮೊದಲ ಮುನ್ನೋಟಗಳು

ಇತಿಹಾಸಕಾರನಿಗೂ ಭವಿಷ್ಯವನ್ನು ನುಡಿಯುವವನಿಗೂ ಸಾಮಾನ್ಯವಾಗಿ ನಂಟು ಕಡಮೆ. ಆಗಿಹೋದುದನ್ನು ಆಧಾರಗಳಿಂದ ನಿರ್ಣಯಿಸುವುದು ಒಬ್ಬನ ಕೆಲಸ. ಆಗಲಿರುವುದನ್ನು ಊಹಿಸುವುದು ಇನ್ನೊಬ್ಬನದು. ಆದರೂ ಒಂದು ಕಾಲದ ಜನರು ತಮ್ಮ ಮುಂದಿನ ಕಾಲವನ್ನು ಹೇಗೆ ಊಹಿಸಿದರು ಎಂಬುದು ಆ ಕಾಲದ ಇತಿಹಾಸಕ್ಕೇ ಸೇರಿದ ಸಂಗತಿ. ಏಕೆಂದರೆ ಊಹೆಯನ್ನು ನಂಬಿಯೇ ಕಾನೂನುಗಳು ಹುಟ್ಟುತ್ತವೆ, ಬಂಡವಾಳವು ಹರಿಯುತ್ತದೆ, ಒಂದು ಉದ್ಯಮಕ್ಕೆ ಬಾಗಿಲು ತೆರೆದು ಇನ್ನೊಂದಕ್ಕೆ ಮುಚ್ಚಲ್ಪಡುತ್ತದೆ. ಊಹೆಯು ಸುಳ್ಳಾದ ಮೇಲೂ ಅದರಿಂದ ಹುಟ್ಟಿದ ಕಾನೂನು ಉಳಿದಿರುತ್ತದೆ. ಮಾಹಿತಿಯು ಕಾಗದವನ್ನು ಬಿಟ್ಟು ವಿದ್ಯುತ್ತಿನ ಸಂಜ್ಞೆಯಾಗಿ ಮಾರಾಟಕ್ಕೆ ಬಂದಾಗ ಅಲ್ಲಿ ಪೈಪೋಟಿಯ ಗತಿ ಏನಾಗುವುದೆಂದು 1960ರಿಂದ 2000ದವರೆಗಿನ ನಾಲ್ಕು ದಶಕಗಳಲ್ಲಿ, ಮುಖ್ಯವಾಗಿ ಅಮೆರಿಕದ ಸಂಯುಕ್ತ ಸಂಸ್ಥಾನಗಳಲ್ಲಿ, ವಿದ್ವಾಂಸರೂ ವ್ಯಾಪಾರಿಗಳೂ ನ್ಯಾಯಾಧೀಶರೂ ಮಾಡಿದ ಊಹೆಗಳನ್ನು ಪರಿಶೀಲಿಸುವುದು ಪ್ರಕೃತ ಲೇಖನದ ಉದ್ದೇಶ.

ಈ ಊಹೆಗಳ ಕಾಲಾನುಕ್ರಮವೇ ವಿಚಿತ್ರವಾದುದು. ಮೊದಲು ಬಂದುದು ಏಕಸ್ವಾಮ್ಯದ ಭಯ. ಸಂಪೂರ್ಣ ಸ್ಪರ್ಧೆಯ ಭರವಸೆ ಬಂದುದು ಆಮೇಲೆ. ಇಂದಿನ ವಿದ್ಯಾರ್ಥಿಗಳು ಇದನ್ನು ತಿರುವುಮುರುವಾಗಿ ಭಾವಿಸಿರುವುದುಂಟು. ಹಿಂದಿನವರೆಲ್ಲ ಮುಗ್ಧ ಆಶಾವಾದಿಗಳು, ಭಯವೆಂಬುದು ನಮ್ಮ ಕಾಲದ ಜ್ಞಾನೋದಯ ಎಂದು ತಿಳಿಯುವುದು ಸರಿಯಲ್ಲ.

1961ರಲ್ಲಿ ಮೆಸಾಚುಸೆಟ್ಸ್ ತಾಂತ್ರಿಕ ಸಂಸ್ಥೆಯ ಶತಮಾನೋತ್ಸವದ ಸಂದರ್ಭದಲ್ಲಿ ಮಾತನಾಡಿದ ಜಾನ್ ಮೆಕಾರ್ಥಿಯವರು, ದೂರವಾಣಿಯಂತೆ ಗಣಕಯಂತ್ರದ ಸೇವೆಯೂ ಒಂದು ದಿನ ಸಾರ್ವಜನಿಕ ಸೌಕರ್ಯವಾಗಿ ಏರ್ಪಡಬಹುದೆಂದು ಸೂಚಿಸಿದರು. ಮೂರು ವರ್ಷಗಳ ತರುವಾಯ, 1964ರಲ್ಲಿ, ಮಾರ್ಟಿನ್ ಗ್ರೀನ್‌ಬರ್ಗರ್ ಅವರು ‘ಅಟ್ಲಾಂಟಿಕ್’ ಪತ್ರಿಕೆಯಲ್ಲಿ ಬರೆದ ಪ್ರಬಂಧವು ಇದೇ ವಿಚಾರವನ್ನು ವಿಸ್ತರಿಸಿ, ಕ್ರಿ.ಶ. 2000ದ ವೇಳೆಗೆ ‘ಮಾಹಿತಿ ಸೌಕರ್ಯ’ವು ಅಂದಿನ ದೂರವಾಣಿಯಷ್ಟೇ ಸರ್ವಸಾಮಾನ್ಯವಾಗಬಹುದೆಂದು ನುಡಿಯಿತು. ಇಸವಿಯ ಮಟ್ಟಿಗೆ ಈ ಊಹೆ ಆಶ್ಚರ್ಯವೆನಿಸುವಷ್ಟು ಹತ್ತಿರ ಬಂದಿತು. 1966ರಲ್ಲಿ ಡಗ್ಲಸ್ ಪಾರ್ಕ್‌ಹಿಲ್ ಅವರು ಇದೇ ವಿಷಯವನ್ನು ಕುರಿತು ಒಂದು ಗ್ರಂಥವನ್ನೇ ರಚಿಸಿದರು. ಮರುವರ್ಷ ಪಾಲ್ ಬಾರನ್ ಅವರು ಇಂಥ ಸೌಕರ್ಯದ ಸ್ವರೂಪವನ್ನೂ ಅದರಿಂದ ಹುಟ್ಟುವ ಸಾರ್ವಜನಿಕ ಪ್ರಶ್ನೆಗಳನ್ನೂ ಚರ್ಚಿಸಿ ಬರೆದರು.

ಇವರ ವಾದದ ಬುನಾದಿಯಲ್ಲಿ ಒಂದು ಆರ್ಥಿಕ ಸತ್ಯವಿತ್ತು. ಆಗ ಗಣಕಯಂತ್ರವೆಂದರೆ ಒಂದು ದೊಡ್ಡ ಕೋಣೆಯನ್ನೇ ತುಂಬುವ, ಲಕ್ಷಗಟ್ಟಲೆ ಡಾಲರು ಬೆಲೆಬಾಳುವ ವಸ್ತು. ಅದನ್ನು ಒಬ್ಬನೇ ಕೊಂಡು ಬಳಸುವುದು ದುಂದು. ನೂರಾರು ಮಂದಿ ತಂತಿಯ ಮೂಲಕ ಹಂಚಿಕೊಂಡರೆ ಲಾಭ. ಹೀಗಿರಲು ವಿದ್ಯುದಾಗಾರದ ಹೋಲಿಕೆ ತಾನಾಗಿಯೇ ಹೊಳೆಯಿತು. ಹೋಲಿಕೆಯ ಹಿಂದೆಯೇ ಅದರ ಫಲವೂ ಬಂದಿತು: ಒಂದೇ ಊರಿಗೆ ಎರಡು ವಿದ್ಯುತ್ ಕಂಪೆನಿಗಳು ಎರಡು ಸಾಲು ಕಂಬಗಳನ್ನು ನೆಡುವುದು ಹೇಗೆ ವ್ಯರ್ಥವೋ ಹಾಗೆಯೇ ಮಾಹಿತಿ ಸೌಕರ್ಯವೂ ಒಂದೇ ಕೈಯಲ್ಲಿ ಸೇರುವ ಸಂಭವ ಉಂಟಲ್ಲವೆ? ಸೇರಿದರೆ ಅದನ್ನು ಸರ್ಕಾರವು ಹತೋಟಿಯಲ್ಲಿಡಬೇಕೆ? ಈ ಪ್ರಶ್ನೆಗೆ ಉತ್ತರವನ್ನು ಅರಸಿ ಅಮೆರಿಕದ ಫೆಡರಲ್ ಸಂಪರ್ಕ ಆಯೋಗವು 1966ರಲ್ಲಿ ವಿಚಾರಣೆಯನ್ನು ಆರಂಭಿಸಿ, 1971ರಲ್ಲಿ ತೀರ್ಮಾನಕ್ಕೆ ಬಂದಿತು. ಗಣಕ ಸೇವೆಗೆ ನಿಯಂತ್ರಣ ಬೇಡ. ಆದರೆ ತಂತಿಯ ಒಡೆತನವುಳ್ಳ ಕಂಪೆನಿಗಳು ಅಂಥ ಸೇವೆಯನ್ನು ಮಾರಬೇಕಾದರೆ ಪ್ರತ್ಯೇಕವಾದ ಅಂಗಸಂಸ್ಥೆಯ ಮೂಲಕವೇ ಮಾರಬೇಕು ಎಂಬುದು ಅದರ ತಾತ್ಪರ್ಯ. ಅತಿ ದೊಡ್ಡ ಕಂಪೆನಿಯಾದ ಎ.ಟಿ. ಅಂಡ್ ಟಿ.ಯಾದರೋ 1956ರ ಒಪ್ಪಂದದ ತೀರ್ಪಿನಿಂದಾಗಿ ಆ ವ್ಯಾಪಾರದಿಂದಲೇ ಹೊರಗಿತ್ತು. ಭಯವು ಗಣಕಯಂತ್ರದಿಂದ ತಂತಿಗೆ ಸರಿಯಿತು ಎಂಬುದನ್ನು ಇಲ್ಲಿ ಗಮನಿಸಬೇಕು. ಯಂತ್ರವು ಅಗ್ಗವಾಗಿ ಮನೆಮನೆಗೆ ಬರಲಿದೆಯೆಂಬುದು ಆಗ ಯಾರ ಲೆಕ್ಕದಲ್ಲೂ ಇರಲಿಲ್ಲವಾದರೂ, ದಾರಿಯ ಒಡೆಯನೇ ಸರಕಿನ ಒಡೆಯನೂ ಆದರೆ ಉಳಿದ ವರ್ತಕರಿಗೆ ಉಳಿಗಾಲವಿಲ್ಲ ಎಂಬ ವಿವೇಕವು ಖಚಿತವಾಗಿತ್ತು.

ಈ ವಿವೇಕವನ್ನು ಪತ್ರಿಕೋದ್ಯಮಿಗಳು ಬಹುಬೇಗನೆ ತಮ್ಮ ಆಯುಧವನ್ನಾಗಿ ಮಾಡಿಕೊಂಡರು. ಅಮೆರಿಕದ ದಿನಪತ್ರಿಕೆಗಳ ಆದಾಯದಲ್ಲಿ ಆಗ ಸಣ್ಣ ಜಾಹೀರಾತುಗಳ ಪಾತ್ರ ಹಿರಿದಾಗಿತ್ತು. ಮನೆ ಬಾಡಿಗೆಗಿದೆ, ಹಳೆಯ ಕಾರು ಮಾರಾಟಕ್ಕಿದೆ, ಗುಮಾಸ್ತರು ಬೇಕಾಗಿದ್ದಾರೆ ಎಂಬ ಎರಡು ಸಾಲಿನ ಪ್ರಕಟಣೆಗಳು ದೂರವಾಣಿಯ ತಂತಿಯಲ್ಲಿ ಹರಿಯತೊಡಗಿದರೆ ಗತಿ ಏನು? 1982ರಲ್ಲಿ ಎ.ಟಿ. ಅಂಡ್ ಟಿ. ಕಂಪೆನಿಯನ್ನು ವಿಭಜಿಸುವ ಒಪ್ಪಂದವು ನ್ಯಾಯಾಧೀಶ ಹೆರಾಲ್ಡ್ ಗ್ರೀನ್ ಅವರ ಮುಂದೆ ಬಂದಾಗ ಪತ್ರಿಕೋದ್ಯಮಿಗಳ ಸಂಘವು ಈ ಅಳಲನ್ನು ಮುಂದಿಟ್ಟಿತು. ಗ್ರೀನ್ ಅವರು ಅದನ್ನು ಕೇವಲ ವ್ಯಾಪಾರಿಗಳ ಅಳಲೆಂದು ತಳ್ಳಿಹಾಕಲಿಲ್ಲ; ಮಾಹಿತಿಯ ಮೂಲಗಳು ಹಲವಾಗಿರುವುದು ಪ್ರಜಾಪ್ರಭುತ್ವಕ್ಕೆ ಅವಶ್ಯವೆಂದು ಭಾವಿಸಿ, ಎ.ಟಿ. ಅಂಡ್ ಟಿ. ತನ್ನ ತಂತಿಗಳ ಮೇಲೆ ಏಳು ವರ್ಷಗಳ ಕಾಲ ವಿದ್ಯುನ್ಮಾನ ಪ್ರಕಟಣೆಯಲ್ಲಿ ತೊಡಗಕೂಡದೆಂದು ವಿಧಿಸಿದರು. ವಿಭಜನೆಯಿಂದ ಹುಟ್ಟಿದ ಪ್ರಾದೇಶಿಕ ಕಂಪೆನಿಗಳಿಗೆ ಮಾಹಿತಿ ಸೇವೆಗಳೇ ನಿಷಿದ್ಧವಾದವು. ಈ ನಿಷೇಧವು 1991ರಲ್ಲಿ, ಮೇಲಿನ ನ್ಯಾಯಾಲಯದ ಒತ್ತಾಯಕ್ಕೆ ಮಣಿದು ಒಲ್ಲದ ಮನಸ್ಸಿನಿಂದ ಗ್ರೀನ್ ಅವರೇ ತೆಗೆದುಹಾಕುವವರೆಗೂ ನಡೆಯಿತು. 1996ರ ದೂರಸಂಪರ್ಕ ಕಾಯಿದೆಯು ಅದರ ಒಂದು ಸೌಮ್ಯ ರೂಪವನ್ನು ಮತ್ತೆ ನಾಲ್ಕು ವರ್ಷ ಉಳಿಸಿತು.

ತಮ್ಮ ಪಾಲಿನ ಮೈದಾನವನ್ನು ಹೀಗೆ ಕಾಯ್ದುಕೊಂಡ ಪತ್ರಿಕೆಗಳು ಅಲ್ಲಿ ಏನನ್ನು ಬೆಳೆದವು ಎಂಬುದು ಬೇರೆಯ ಪ್ರಶ್ನೆ. ನೈಟ್-ರಿಡರ್ ಸಂಸ್ಥೆಯು 1983ರಲ್ಲಿ ದಕ್ಷಿಣ ಫ್ಲಾರಿಡಾದಲ್ಲಿ ‘ವ್ಯೂಟ್ರಾನ್’ ಎಂಬ ಸೇವೆಯನ್ನು ತೆರೆಯಿತು. ದೂರದರ್ಶನದ ತೆರೆಗೆ ಜೋಡಿಸುವ ಯಂತ್ರಕ್ಕೇ 600 ಡಾಲರು. ಅದರ ಮೇಲೆ ತಿಂಗಳ ಚಂದಾ. ಸುಮಾರು 5 ಕೋಟಿ ಡಾಲರನ್ನು ಕಳೆದುಕೊಂಡು 1986ರಲ್ಲಿ ಅದು ಮುಚ್ಚಿತು. ಚಂದಾದಾರರಿಗೆ ಸುದ್ದಿಯನ್ನು ಓದುವುದಕ್ಕಿಂತ ಪರಸ್ಪರ ಸಂದೇಶ ಕಳುಹಿಸುವುದರಲ್ಲಿ ಆಸಕ್ತಿಯಿದ್ದುದನ್ನು ಅದರ ಒಡೆಯರು ಕಂಡರೂ, ಅದು ಪತ್ರಿಕೆಯ ಕಸುಬಲ್ಲವೆಂದು ಬದಿಗಿಟ್ಟರು. ಇಂಗ್ಲೆಂಡಿನಲ್ಲಿ ಅಂಚೆ ಇಲಾಖೆಯು 1979ರಲ್ಲಿ ಆರಂಭಿಸಿದ ‘ಪ್ರೆಸ್ಟೆಲ್’ ಸೇವೆಯ ಚಂದಾದಾರರ ಸಂಖ್ಯೆ ಎಂದೂ ಒಂದು ಲಕ್ಷವನ್ನು ಮುಟ್ಟಲಿಲ್ಲ. ಫ್ರಾನ್ಸ್ ಮಾತ್ರ ಬೇರೆ ದಾರಿ ಹಿಡಿಯಿತು. ಅಲ್ಲಿ ಸರ್ಕಾರವು ‘ಮಿನಿಟೆಲ್’ ಯಂತ್ರವನ್ನು ದೂರವಾಣಿ ಇದ್ದವರಿಗೆ ಉಚಿತವಾಗಿ ಕೊಟ್ಟಿತು. 1984ರಿಂದ ಆಚೆಗೆ ಸೇವೆಯ ಶುಲ್ಕವನ್ನು ದೂರವಾಣಿಯ ಬಿಲ್ಲಿನಲ್ಲಿಯೇ ವಸೂಲು ಮಾಡಿ ಸೇವೆ ನಡೆಸುವವನಿಗೆ ಪಾಲು ಹಂಚಿತು. ಕೂಗಾಡುತ್ತಿದ್ದ ಪತ್ರಿಕೆಗಳಿಗೆ ಮೊದಮೊದಲು ಈ ಏರ್ಪಾಡಿನಲ್ಲಿ ವಿಶೇಷ ಹಕ್ಕನ್ನೂ ನೀಡಿತು. ದಾರಿಯ ಒಡೆತನ ಸರ್ಕಾರದ್ದು, ಅಂಗಡಿಗಳು ಸಾವಿರಾರು ಜನರವು. 2012ರ ಜೂನ್ 30ರಂದು ಮುಗಿದ ಈ ಪ್ರಯೋಗವನ್ನು ನಗೆಗೀಡಾದ ವಿಫಲತೆಯೆಂದು ಬಣ್ಣಿಸುವ ರೂಢಿ ಉಂಟು. ಮೂವತ್ತು ವರ್ಷ ನಡೆದ ಸಂತೆಯನ್ನು ವಿಫಲವೆನ್ನುವುದು ಹೇಗೆಂದು ನಮಗೆ ತಿಳಿಯದು.

ಅಮೆರಿಕದ ಪತ್ರಿಕೆಗಳ ಕಥೆಯ ಕೊನೆಯ ಭಾಗವನ್ನು ಇಲ್ಲಿಯೇ ಹೇಳಿಬಿಡಬಹುದು. 2000ದಲ್ಲಿ ಆ ನಾಲ್ಕು ವರ್ಷಗಳ ಅವಧಿ ತೀರಿ, ದೂರವಾಣಿ ಕಂಪೆನಿಗಳ ಮೇಲಿದ್ದ ಕೊನೆಯ ಕಟ್ಟು ಸಡಿಲವಾಯಿತು. ಅದೇ ವರ್ಷ ಅಲ್ಲಿನ ದಿನಪತ್ರಿಕೆಗಳ ಸಣ್ಣ ಜಾಹೀರಾತಿನ ಆದಾಯವು 1,900 ಕೋಟಿ ಡಾಲರಿಗೂ ಮಿಗಿಲಾಗಿ ತನ್ನ ಶಿಖರವನ್ನು ಮುಟ್ಟಿತು. ಹತ್ತು ವರ್ಷಗಳಲ್ಲಿ ಅದು ಮೂರನೆಯ ಒಂದು ಭಾಗಕ್ಕೂ ಕೆಳಗಿಳಿಯಿತು. ಕೆಳಗಿಳಿಸಿದವರು ದೂರವಾಣಿ ಕಂಪೆನಿಗಳಲ್ಲ. 1995ರಲ್ಲಿ ಸಾನ್‌ಫ್ರಾನ್ಸಿಸ್ಕೊ ನಗರದಲ್ಲಿ ಸ್ನೇಹಿತರಿಗೆ ಕಳುಹಿಸುವ ಮಿಂಚಂಚೆಯ ಪಟ್ಟಿಯಾಗಿ ಆರಂಭವಾದ ‘ಕ್ರೇಗ್ಸ್‌ಲಿಸ್ಟ್’, ಮತ್ತು 2000ದ ಅಕ್ಟೋಬರಿನಲ್ಲಿ ತನ್ನ ಜಾಹೀರಾತು ವ್ಯವಸ್ಥೆಯನ್ನು ತೆರೆದ ‘ಗೂಗಲ್’ ಇವರ ಪೈಕಿ ಮುಖ್ಯರು. ಹದಿನೆಂಟು ವರ್ಷ ಹಿಂಬಾಗಿಲನ್ನು ಕಾಯ್ದವರ ಮನೆಗೆ ಅತಿಥಿಯು ಮುಂಬಾಗಿಲಿನಿಂದ ಬಂದನು.

ಎರಡನೆಯ ಮುನ್ನೋಟ ಅರ್ಥಶಾಸ್ತ್ರಜ್ಞರದು. ಅದರ ಬೇರು 1961ರಲ್ಲಿ ಜಾರ್ಜ್ ಸ್ಟಿಗ್ಲರ್ ಅವರು ಬರೆದ ಮಾಹಿತಿಯ ಅರ್ಥಶಾಸ್ತ್ರವನ್ನು ಕುರಿತ ಪ್ರಬಂಧದಲ್ಲಿದೆ. ಒಂದೇ ಸರಕಿಗೆ ಅಂಗಡಿಗೊಂದು ಬೆಲೆ ಇರುವುದೇಕೆ? ಎಲ್ಲ ಅಂಗಡಿಗಳನ್ನೂ ಸುತ್ತುವುದಕ್ಕೆ ಕಾಲವೂ ಶ್ರಮವೂ ವೆಚ್ಚವಾಗುವುದರಿಂದ ಕೊಳ್ಳುವವನು ಒಂದು ಹಂತದಲ್ಲಿ ಹುಡುಕುವುದನ್ನು ನಿಲ್ಲಿಸುತ್ತಾನೆ; ಆ ಹುಡುಕಾಟದ ವೆಚ್ಚದಷ್ಟು ಬೆಲೆಗಳು ಚದರಿರುತ್ತವೆ. ನಮ್ಮ ದನಗಳ ಜಾತ್ರೆಗಳಲ್ಲಿ ಟವಲಿನ ಮರೆಯಲ್ಲಿ ಬೆರಳುಗಳನ್ನು ಹಿಡಿದು ಬೆಲೆ ಕುದುರಿಸುವ ದಳ್ಳಾಳಿಯನ್ನು ಕಂಡವರಿಗೆ ಈ ತತ್ತ್ವವನ್ನು ವಿವರಿಸಬೇಕಾಗಿಲ್ಲ. ಪಕ್ಕದವನಿಗೆ ಬೆಲೆ ತಿಳಿಯದಿರುವುದರಲ್ಲಿಯೇ ಆತನ ಜೀವನವಿದೆ. ಹಾಗಾದರೆ ಟವಲನ್ನು ಎತ್ತಿಬಿಟ್ಟರೆ? ಎಲ್ಲ ಬೆಲೆಗಳೂ ಒಂದೇ ತೆರೆಯ ಮೇಲೆ ಕಂಡರೆ? ದಳ್ಳಾಳಿಯು ಮಾಯವಾಗಿ ಬೆಲೆಗಳು ತಯಾರಿಕೆಯ ವೆಚ್ಚಕ್ಕೆ ಇಳಿಯಬೇಕೆಂಬುದು ಸಹಜವಾದ ಊಹೆ. 1995ರಲ್ಲಿ ಬಿಲ್ ಗೇಟ್ಸ್ ಅವರು ತಮ್ಮ ಗ್ರಂಥದಲ್ಲಿ ಘರ್ಷಣೆಯಿಲ್ಲದ ಬಂಡವಾಳಶಾಹಿ ಎಂಬ ಹೆಸರಿನಿಂದ ಇದನ್ನೇ ಜನಪ್ರಿಯಗೊಳಿಸಿದರು.

ಆದರೆ ಎಚ್ಚರಿಕೆಯ ಮಾತುಗಳೂ ಅಷ್ಟೇ ಹಳೆಯವು. ಹುಡುಕಾಟದ ವೆಚ್ಚವು ಎಷ್ಟೇ ಅಲ್ಪವಾಗಿದ್ದರೂ ಸೊನ್ನೆಯಾಗದ ಹೊರತು ಬೆಲೆಯು ಏಕಸ್ವಾಮ್ಯದ ಮಟ್ಟದಲ್ಲಿಯೇ ನಿಲ್ಲಬಹುದೆಂದು ಪೀಟರ್ ಡೈಮಂಡ್ ಅವರು 1971ರಲ್ಲಿಯೇ ಗಣಿತದಿಂದ ತೋರಿಸಿದ್ದರು. ಅದೇ ವರ್ಷ ಪ್ರಕಟವಾದ ಉಪನ್ಯಾಸದಲ್ಲಿ ಹರ್ಬರ್ಟ್ ಸೈಮನ್ ಅವರು ಮಾಹಿತಿಯು ಹೆಚ್ಚಿದಷ್ಟೂ ಅದನ್ನು ಗಮನಿಸುವ ಮನುಷ್ಯನ ಅವಧಾನವು ದುರ್ಲಭವಾಗುವುದೆಂದು ಬೋಧಿಸಿದರು. ಈ ಎರಡನ್ನೂ ಜೋಡಿಸಿ ಓದಿದ್ದರೆ ಮುಂದಿನ ಮೂವತ್ತು ವರ್ಷಗಳ ಚರ್ಚೆಯ ಅರ್ಧ ಭಾಗವು ಉಳಿಯುತ್ತಿತ್ತು.

ಪುಸ್ತಕದ ತತ್ತ್ವವು ವ್ಯವಹಾರದಲ್ಲಿ ಪರೀಕ್ಷೆಗೊಳಗಾದ ಮೊದಲ ದೊಡ್ಡ ಸ್ಥಳ ವಿಮಾನದ ಟಿಕೆಟಿನ ವ್ಯಾಪಾರ. ಅಮೆರಿಕನ್ ಏರ್‌ಲೈನ್ಸ್ ಕಂಪೆನಿಯು ಐ.ಬಿ.ಎಂ. ನೆರವಿನಿಂದ ನಿರ್ಮಿಸಿದ ‘ಸೇಬರ್’ ಎಂಬ ಗಣಕ ವ್ಯವಸ್ಥೆಯನ್ನು 1976ರಿಂದ ಪ್ರಯಾಣದ ಏಜೆಂಟರ ಕಚೇರಿಗಳಲ್ಲಿ ಸ್ಥಾಪಿಸತೊಡಗಿತು. ಯುನೈಟೆಡ್ ಕಂಪೆನಿಯು ತನ್ನ ‘ಅಪೊಲೊ’ವನ್ನು ಹಿಂದೆಯೇ ತಂದಿತು. 1978ರ ಕಾಯಿದೆಯಿಂದ ವಿಮಾನದ ದರಗಳ ಮೇಲಿನ ಸರ್ಕಾರಿ ನಿಯಂತ್ರಣ ತೆರವಾಗಿ, ದರಗಳು ದಿನದಿನಕ್ಕೂ ಬದಲಾಗತೊಡಗಿದಾಗ ಈ ತೆರೆಯಿಲ್ಲದೆ ಟಿಕೆಟು ಮಾರುವುದೇ ಅಸಾಧ್ಯವಾಯಿತು. ಎಲ್ಲ ಕಂಪೆನಿಗಳ ವಿಮಾನಗಳೂ ಒಂದೇ ತೆರೆಯ ಮೇಲೆ. ಸ್ಟಿಗ್ಲರ್ ಅವರ ಹುಡುಕಾಟದ ವೆಚ್ಚ ಬಹುಮಟ್ಟಿಗೆ ಅಳಿದುಹೋದಂತಾಯಿತು. ಆದರೆ ಅವಸರದಲ್ಲಿದ್ದ ಏಜೆಂಟನು ಬಹುಪಾಲು ಟಿಕೆಟುಗಳನ್ನು ಮೊದಲ ತೆರೆಯ ಮೇಲಿನ ಸಾಲುಗಳಿಂದಲೇ ಕೊಡುತ್ತಿದ್ದನು. ಆದುದರಿಂದ ತೆರೆಯ ಒಡೆಯನು ತನ್ನ ವಿಮಾನಗಳನ್ನು ಮೇಲಿಟ್ಟನು. ಎದುರಾಳಿಯದು ಹೆಚ್ಚು ಅನುಕೂಲವಾಗಿದ್ದರೂ ಎರಡನೆಯ ಮೂರನೆಯ ತೆರೆಗೆ ಜಾರಿಸಿದನು. 1983ರಲ್ಲಿ ಕಾಂಗ್ರೆಸ್ಸಿನ ಸಮಿತಿಯ ಮುಂದೆ ಅಮೆರಿಕನ್ ಕಂಪೆನಿಯ ಅಧ್ಯಕ್ಷ ರಾಬರ್ಟ್ ಕ್ರಾಂಡಲ್ ಅವರು ಇದನ್ನು ಮರೆಮಾಚಲಿಲ್ಲ. ತಮ್ಮ ವಿಮಾನಗಳಿಗೆ ಅಗ್ರಸ್ಥಾನವನ್ನು ದೊರಕಿಸುವುದೇ ಈ ವ್ಯವಸ್ಥೆಯನ್ನು ಕಟ್ಟಿದ ಉದ್ದೇಶವೆಂದು ಸ್ಪಷ್ಟವಾಗಿ ಒಪ್ಪಿದರು. ಈ ಸಾಕ್ಷ್ಯವು ನಮ್ಮ ವಿಷಯಕ್ಕೆ ಬಹು ಮುಖ್ಯವಾದುದು. ಮಾಹಿತಿಯನ್ನು ಬಚ್ಚಿಡುವುದರಿಂದ ಲಾಭ ಬರುತ್ತಿದ್ದ ಕಾಲ ಹೋಗಿ, ಅದನ್ನು ಜೋಡಿಸುವ ಕ್ರಮದಿಂದ ಲಾಭ ಬರುವ ಕಾಲ ಬಂದಿತೆಂಬುದಕ್ಕೆ ಇದಕ್ಕಿಂತ ಸ್ಪಷ್ಟವಾದ ದಾಖಲೆ ದೊರೆಯುವುದು ಕಷ್ಟ.

ನಾಗರಿಕ ವಿಮಾನಯಾನ ಮಂಡಲಿಯು ತನ್ನ ಅಸ್ತಿತ್ವದ ಕೊನೆಯ ತಿಂಗಳುಗಳಲ್ಲಿ, 1984ರಲ್ಲಿ, ಈ ಪಕ್ಷಪಾತವನ್ನು ನಿಷೇಧಿಸಿ ನಿಯಮಗಳನ್ನು ಹೊರಡಿಸಿತು. ಮೂರು ವರ್ಷಗಳ ಬಳಿಕ ಥಾಮಸ್ ಮೆಲೋನ್, ಜೊಆನ್ ಯೇಟ್ಸ್, ರಾಬರ್ಟ್ ಬೆಂಜಮಿನ್ ಎಂಬ ಮೂವರು ವಿದ್ವಾಂಸರು ಇದೇ ಉದಾಹರಣೆಯನ್ನು ಮುಂದಿಟ್ಟುಕೊಂಡು ಒಂದು ಸಿದ್ಧಾಂತವನ್ನು ರಚಿಸಿದರು. ಮಾಹಿತಿಯ ವಿನಿಮಯ ಅಗ್ಗವಾದಂತೆ ಕಂಪೆನಿಗಳು ಒಳಗೇ ಮಾಡಿಕೊಳ್ಳುತ್ತಿದ್ದ ಕೆಲಸವನ್ನು ಹೊರಗಿನ ಮಾರುಕಟ್ಟೆಗೆ ಬಿಡುವುವು. ಮಾರುಕಟ್ಟೆಯಾದರೋ ಮೊದಲು ಪಕ್ಷಪಾತದಿಂದ ಕೂಡಿದ್ದು, ಕ್ರಮೇಣ ನಿಷ್ಪಕ್ಷಪಾತವಾಗಿ, ಕೊನೆಗೆ ಕೊಳ್ಳುವ ಒಬ್ಬೊಬ್ಬನ ಇಷ್ಟಕ್ಕೂ ಹೊಂದುವಂತಾಗುವುದು ಎಂದು ಅವರ ಮುನ್ನೋಟ. ಮೊದಲ ಭಾಗವು ಬಹುಮಟ್ಟಿಗೆ ನಿಜವಾಯಿತು. ಎರಡನೆಯದರಲ್ಲಿ ಒಂದು ತೊಡಕಿತ್ತು. ಪಕ್ಷಪಾತವು ತೊಲಗಿದ್ದು ಸ್ಪರ್ಧೆ ಮತ್ತು ಕಾನೂನು ಎರಡರ ಒತ್ತಡದಿಂದ. ಅವುಗಳಲ್ಲಿ ಯಾವುದು ಎಷ್ಟು ಎಂಬುದನ್ನು ಬಿಡಿಸದೆ ಹೋದುದರಿಂದ ಅದನ್ನು ಮಾರುಕಟ್ಟೆಯ ಸ್ವಭಾವವೆಂದೇ ಮುಂದಿನವರು ತಿಳಿದರು. ವಿಮಾನ ಕಂಪೆನಿಗಳು ಈ ವ್ಯವಸ್ಥೆಗಳ ಒಡೆತನವನ್ನು ಬಿಟ್ಟಿವೆ, ಅಂತರಜಾಲವೂ ಬಂದಿದೆ ಎಂಬ ಆಧಾರದ ಮೇಲೆ 2004ರಲ್ಲಿ ಆ ನಿಯಮಗಳು ರದ್ದಾದವು. 2017ರಲ್ಲಿ ಐರೋಪ್ಯ ಆಯೋಗವು ಗೂಗಲ್ ಸಂಸ್ಥೆಗೆ 242 ಕೋಟಿ ಯೂರೋ ದಂಡ ವಿಧಿಸಿದಾಗ ಇದ್ದ ಆರೋಪವೇನು? ಸರಕುಗಳ ಬೆಲೆಗಳನ್ನು ಹೋಲಿಸುವ ತನ್ನದೇ ಸೇವೆಯನ್ನು ಹುಡುಕಾಟದ ಫಲಿತಾಂಶಗಳ ಮೇಲ್ಭಾಗದಲ್ಲಿಟ್ಟು ಎದುರಾಳಿಗಳನ್ನು ಕೆಳಗೆ ತಳ್ಳಿತೆಂಬುದು. 2024ರ ಸೆಪ್ಟೆಂಬರಿನಲ್ಲಿ ಐರೋಪ್ಯ ನ್ಯಾಯಾಲಯವು ಈ ದಂಡವನ್ನು ಎತ್ತಿಹಿಡಿಯಿತು.

ಬೆಲೆಗಳು ನೆಲಕಚ್ಚುವುವೆಂಬ ಮುನ್ನೋಟವು ಅಕ್ಷರಶಃ ಫಲಿಸಿದ ಉದಾಹರಣೆಗಳೂ ಇವೆ. 1986ರಲ್ಲಿ ನೈನೆಕ್ಸ್ ಎಂಬ ದೂರವಾಣಿ ಕಂಪೆನಿಯು ನ್ಯೂಯಾರ್ಕ್ ಪ್ರದೇಶದ ದೂರವಾಣಿ ಸಂಖ್ಯೆಗಳ ಪಟ್ಟಿಯನ್ನು ಅಡಕಮುದ್ರಿಕೆಯಲ್ಲಿ ತುಂಬಿ ಒಂದಕ್ಕೆ 10,000 ಡಾಲರಿನಂತೆ ಸರ್ಕಾರಿ ಇಲಾಖೆಗಳಿಗೆ ಮಾರಿತು. ಆ ಯೋಜನೆಯನ್ನು ನೋಡಿಕೊಂಡಿದ್ದ ಅಧಿಕಾರಿಯೊಬ್ಬನು ಹೊರಬಂದು ‘ಪ್ರೊ ಸಿ.ಡಿ.’ ಎಂಬ ಸ್ವಂತ ಸಂಸ್ಥೆಯನ್ನು ಕಟ್ಟಿ, ದೇಶದ ಪಟ್ಟಿಗಳನ್ನೆಲ್ಲ ಚೀನಾಕ್ಕೆ ಸಾಗಿಸಿ, ಅಲ್ಲಿನ ಕೂಲಿ ಬೆರಳಚ್ಚುಗಾರರಿಂದ 7 ಕೋಟಿಗೂ ಮೀರಿದ ಹೆಸರುಗಳನ್ನು ಎರಡೆರಡು ಸಲ ಅಚ್ಚುಮಾಡಿಸಿದನು. ಬರಿಯ ಹೆಸರು-ಸಂಖ್ಯೆಗಳ ಪಟ್ಟಿಗೆ ಗ್ರಂಥಸ್ವಾಮ್ಯವಿಲ್ಲವೆಂದು 1991ರಲ್ಲಿ ಅಮೆರಿಕದ ಸರ್ವೋಚ್ಚ ನ್ಯಾಯಾಲಯವು ತೀರ್ಪಿತ್ತಿತು. ಪೈಪೋಟಿ ಬೆಳೆದು, ಕೆಲವೇ ವರ್ಷಗಳಲ್ಲಿ ಅದೇ ಬಗೆಯ ಮುದ್ರಿಕೆ 20 ಡಾಲರಿಗೂ ಕಡಮೆಗೆ ಸಿಕ್ಕಿತು. ಒಂದೇ ಬಗೆಯ ಸರಕನ್ನು ಇಬ್ಬರು ಮಾರಿದರೆ ಬೆಲೆಯು ವೆಚ್ಚಕ್ಕೆ ಇಳಿಯುವುದೆಂದು 1883ರಲ್ಲಿ ಬರ್ಟ್ರಾಂಡ್ ಎಂಬ ಫ್ರೆಂಚ್ ಗಣಿತಜ್ಞರು ಹೇಳಿದ್ದರು. ಮಾಹಿತಿಯನ್ನು ಇನ್ನೊಮ್ಮೆ ನಕಲು ಮಾಡುವ ವೆಚ್ಚವಾದರೋ ಸೊನ್ನೆಗೆ ಸಮೀಪ. ಬ್ರಿಟಾನಿಕ ವಿಶ್ವಕೋಶದ್ದೂ ಇದೇ ಪಾಡು. ಸುಮಾರು 1,600 ಡಾಲರು ಬೆಲೆಯ 32 ಸಂಪುಟಗಳ ಎದುರಿಗೆ ಮೈಕ್ರೋಸಾಫ್ಟಿನ ‘ಎನ್‌ಕಾರ್ಟ’ 1993ರಲ್ಲಿ ಬಂದು, ಬೇಗನೆ ನೂರು ಡಾಲರಿನ ಒಳಗೆ ದೊರೆಯತೊಡಗಿತು. ಗೆದ್ದ ಎನ್‌ಕಾರ್ಟವನ್ನು ಯಾರೂ ಕಾಸು ಕೇಳದ ವಿಕಿಪೀಡಿಯವು ಸೋಲಿಸಿ, ಅದು 2009ರಲ್ಲಿಯೇ ನಿಂತಿತು. ಬ್ರಿಟಾನಿಕದ ಮುದ್ರಣ 2012ರಲ್ಲಿ ನಿಂತಿತು.

ಹಾಗೆಂದು ಇದನ್ನು ನಿಯಮವೆಂದು ತಿಳಿಯುವಂತಿಲ್ಲ. ಜಪಾನಿನಲ್ಲಿ 1985ರಿಂದ ನಡೆದ ‘ಆಕ್‌ನೆಟ್’ ಎಂಬ ಹಳೆಯ ಕಾರುಗಳ ವಿದ್ಯುನ್ಮಾನ ಹರಾಜಿನಲ್ಲಿ ಬೆಲೆಗಳು ಸಾಮಾನ್ಯ ಹರಾಜಿಗಿಂತ ಹೆಚ್ಚಾಗಿಯೇ ಇದ್ದವೆಂದು 1998ರಲ್ಲಿ ಪ್ರಕಟವಾದ ಅಧ್ಯಯನವೊಂದು ತೋರಿಸಿತು. ಪರೀಕ್ಷಿಸಿ ಪ್ರಮಾಣೀಕರಿಸಿದ ಒಳ್ಳೆಯ ಕಾರುಗಳೇ ಅಲ್ಲಿಗೆ ಬರುತ್ತಿದ್ದುದು ಒಂದು ಕಾರಣ. ಎರಿಕ್ ಬ್ರಿನ್ಯೋಲ್ಫ್‌ಸನ್ ಮತ್ತು ಮೈಕೆಲ್ ಸ್ಮಿತ್ ಅವರು ಅಂತರಜಾಲದ ಪುಸ್ತಕ ಹಾಗೂ ಸಂಗೀತದ ಮುದ್ರಿಕೆಗಳ ಬೆಲೆಗಳನ್ನು 1998-99ರಲ್ಲಿ ಸಂಗ್ರಹಿಸಿ 2000ದಲ್ಲಿ ಪ್ರಕಟಿಸಿದ ಫಲಿತಾಂಶವು ಇನ್ನೂ ಬೋಧಪ್ರದವಾಗಿದೆ. ಬೆಲೆಗಳು ಸಾಮಾನ್ಯ ಅಂಗಡಿಗಳಿಗಿಂತ ಶೇಕಡ 9ರಿಂದ 16ರಷ್ಟು ಕಡಮೆ ಇದ್ದವು; ಆದರೆ ಒಂದೇ ಪುಸ್ತಕಕ್ಕೆ ಅಂಗಡಿಗೊಂದು ಬೆಲೆಯಿರುವ ಪದ್ಧತಿ ಅಳಿದಿರಲಿಲ್ಲ. ಅತ್ಯಂತ ಅಗ್ಗವಾಗಿ ಮಾರುವವನ ಬಳಿ ಗಿರಾಕಿಗಳು ಹೆಚ್ಚಾಗಿರಲಿಲ್ಲ. ಹೆಸರು ಕೇಳಿ ನಂಬಿದವನ ಬಳಿಯೇ ಇದ್ದರು.

ನಮ್ಮ ಕಾಲೇಜುಗಳಿಗೆ ನೇರವಾಗಿ ಸೋಂಕುವ ಮುನ್ನೋಟವೊಂದನ್ನು ಕೊನೆಗಿರಿಸಿಕೊಂಡಿದ್ದೇವೆ. ಪಾಲ್ ಗಿನ್ಸ್‌ಪಾರ್ಗ್ ಅವರು 1991ರಲ್ಲಿ ಭೌತಶಾಸ್ತ್ರದ ಲೇಖನಗಳನ್ನು ಉಚಿತವಾಗಿ ಹಂಚುವ ಭಂಡಾರವನ್ನು ಲಾಸ್ ಅಲಮೋಸಿನಲ್ಲಿ ಆರಂಭಿಸಿದ ಮೇಲೆ, ಗಣಿತಜ್ಞ ಆಂಡ್ರ್ಯೂ ಓಡ್ಲಿಸ್ಕೊ ಅವರು 1995ರಲ್ಲಿ, ಮುದ್ರಿತ ಸಂಶೋಧನ ಪತ್ರಿಕೆಗಳು ಹತ್ತಿಪ್ಪತ್ತು ವರ್ಷಗಳಲ್ಲಿ ಅಳಿಯುವುವೆಂದು ಬರೆದರು. ಲೇಖಕನಿಗೂ ಪರಿಶೀಲಕನಿಗೂ ಹಣ ಕೊಡದ ಈ ವ್ಯಾಪಾರದಲ್ಲಿ ಹಂಚಿಕೆಯ ವೆಚ್ಚವೂ ಇಲ್ಲವಾದರೆ ಬೆಲೆಯು ನಿಲ್ಲುವುದಾದರೂ ಎಲ್ಲಿ? ಕಾಗದವು ಬಹುಮಟ್ಟಿಗೆ ಮರೆಯಾದುದು ನಿಜ, ಬೆಲೆಯು ಮರೆಯಾಗಲಿಲ್ಲ. ಒಂದು ಪತ್ರಿಕೆಯು ಇನ್ನೊಂದಕ್ಕೆ ಬದಲಾಗಿ ಸಲ್ಲದು. ಬೇಕಾದ ಲೇಖನ ಅದರಲ್ಲಿಯೇ ಇದೆ. ಇದರ ಮೇಲೆ ಪ್ರಕಾಶಕರು ನೂರಾರು ಪತ್ರಿಕೆಗಳನ್ನು ಒಂದೇ ಗಂಟಾಗಿ ಕಟ್ಟಿ ಮಾರತೊಡಗಿದರು. ನಕಲಿನ ವೆಚ್ಚ ಸೊನ್ನೆಯಾದಾಗ ಗಂಟು ಕಟ್ಟುವುದೇ ಮಾರುವವನಿಗೆ ಲಾಭಕರವೆಂದು 1999ರಲ್ಲಿ ಯಾನಿಸ್ ಬಾಕೋಸ್ ಮತ್ತು ಬ್ರಿನ್ಯೋಲ್ಫ್‌ಸನ್ ಅವರು ಸಾಧಿಸಿ ತೋರಿಸಿದರು. ಸ್ಪರ್ಧೆಯನ್ನು ಹುಟ್ಟಿಸಬೇಕಾಗಿದ್ದ ಅಗ್ಗದ ನಕಲೇ ಸ್ಪರ್ಧೆಯನ್ನು ತಡೆಯುವ ಸಾಧನವಾಯಿತು.

ಗಂಟಿಗೆ ಗಂಟೇ ಉತ್ತರವೆಂದು ನಮ್ಮ ದೇಶದಲ್ಲಿಯೂ ಕೊಳ್ಳುವವರು ಒಟ್ಟುಗೂಡತೊಡಗಿದರು. ಇನ್‌ಫ್ಲಿಬ್‌ನೆಟ್ ಕೇಂದ್ರದ ಎನ್-ಲಿಸ್ಟ್ ಯೋಜನೆಯು ಕಾಲೇಜುಗಳಿಗೆ ವಿದ್ಯುನ್ಮಾನ ಪತ್ರಿಕೆಗಳನ್ನು ತಲುಪಿಸಿದುದನ್ನು ವಾಚಕರು ಬಲ್ಲರು. 2024ರ ನವೆಂಬರ್ 25ರಂದು ಕೇಂದ್ರ ಸಚಿವ ಸಂಪುಟವು ‘ಒಂದು ದೇಶ ಒಂದು ಚಂದಾ’ ಯೋಜನೆಗೆ ಒಪ್ಪಿಗೆ ಕೊಟ್ಟಿತು: 30 ಪ್ರಕಾಶಕರ ಸುಮಾರು 13,000 ಪತ್ರಿಕೆಗಳು, 2025ರಿಂದ 2027ರವರೆಗೆ ಮೂರು ವರ್ಷಗಳಿಗೆ 6,000 ಕೋಟಿ ರೂಪಾಯಿ. ಮಾರುವವರು ಮೂವತ್ತು ಮಂದಿ, ಕೊಳ್ಳುವವನು ಒಬ್ಬನೇ. 1966ರಲ್ಲಿ ಮಾಹಿತಿಯ ಸೌಕರ್ಯವನ್ನು ಕುರಿತು ಬರೆದವರು ಮಾರುವ ಏಕಸ್ವಾಮ್ಯಕ್ಕೆ ಅಂಜಿದ್ದರು. ಕೊಳ್ಳುವ ಕಡೆಯಲ್ಲಿ ಒಂದು ಸರ್ಕಾರವೇ ಹೀಗೆ ಏಕೈಕ ಗಿರಾಕಿಯಾಗಿ ನಿಂತು ಚೌಕಾಶಿ ಮಾಡಬೇಕಾದೀತೆಂದು ನಾವು ಓದಿದ ಆ ಕಾಲದ ಯಾವ ಪ್ರಬಂಧವೂ ಹೇಳುವುದಿಲ್ಲ.